ಪಕ್ಕದಲ್ಲಿ ಯಾರಿದ್ದರು ಅಂತ ಕೇಳಿದೆಯಲ್ಲ

ಪ್ರೀತಿಯ ಅಮ್ಮ,

ನಮಸ್ಕಾರ. ನಾವೆಲ್ಲ ಕ್ಷೇಮ. ಅಪ್ಪನಿಗೂ ಅಜ್ಜಿಗೂ ನಮಸ್ಕಾರ ಹೇಳು.

ನಿನ್ನ ಪತ್ರ ಬಂತು. ಪಿತ್ತಕೋಶದ ಆಪರೇಷನ್ ಮುಚ್ಚಿಟ್ಟೆ ಅಂತ ಕೋಪ, ಗೊತ್ತು. ಚಿಕ್ಕಮ್ಮನ ಬಾಯಲ್ಲಿ ಏನೂ ನಿಲ್ಲುವುದಿಲ್ಲ. ಅವಳಿಗೆ ಹೇಳಿದ್ದು ನನ್ನದೇ ತಪ್ಪು. ಈಗ ಪೂರ್ತಿ ಗುಣವಾಗಿದೆ. ಹೊಟ್ಟೆ ಮೇಲೆ ನಾಲ್ಕು ಸಣ್ಣ ತೂತು, ಅಷ್ಟೇ. ಮೆಟ್ಟಿಲು ಹತ್ತುತ್ತೇನೆ, ಅಡುಗೆ ಮಾಡುತ್ತೇನೆ, ನಿಜವಾಗಿಯೂ ಏನೂ ಇಲ್ಲ.

‘ಪಕ್ಕದಲ್ಲಿ ಯಾರಿದ್ದರು?’ ಅಂತ ಒಂದೇ ಪತ್ರದಲ್ಲಿ ನಾಲ್ಕು ಸಲ ಕೇಳಿದ್ದೀಯ. ರಾತ್ರಿ ಯಾರೂ ಇರಲಿಲ್ಲ ಅಮ್ಮ. ಇಲ್ಲಿ ಇಂಗ್ಲೆಂಡಿನಲ್ಲಿ ಮನೆಯವರು ವಾರ್ಡಿನಲ್ಲಿ ಚಾಪೆ ಹಾಸಿ ಮಲಗುವ ಹಾಗಿಲ್ಲ. ಹೊತ್ತಾದರೆ ಎಲ್ಲರೂ ಆಚೆ. ಇವರು ಪಾಪುವನ್ನು ನೋಡಿಕೊಳ್ಳಬೇಕಿತ್ತು. ಹಾಗಂತ ಅನಾಥಳ ಹಾಗೆ ಬಿದ್ದಿದ್ದೆ ಅಂತ ಅಳಬೇಡ.

ಬೆಳಿಗ್ಗೆ ಒಬ್ಬ ಅಜ್ಜಿ ತಳ್ಳುಗಾಡಿ ತಂದರು. ಬಿಸ್ಕತ್ತು, ಪೇಪರು, ಟೂತ್‌ಪೇಸ್ಟು, ಎಲ್ಲ ಅದರಲ್ಲೇ. ಸಂಬಳ ಎಷ್ಟು ಅಂತ ಕೇಳಿಬಿಟ್ಟೆ. ನಿನ್ನ ಮಗಳಲ್ವಾ! ಅವರು ನಕ್ಕರು. ಸಂಬಳವೇ ಇಲ್ಲವಂತೆ, ಮಾರಿದ ಲಾಭವೂ ಆಸ್ಪತ್ರೆಗೇ. ಆಮೇಲೆ ಕುರ್ಚಿ ಎಳೆದುಕೊಂಡು ಅರ್ಧ ಗಂಟೆ ಕೂತರು.

ಅವರು ಒಂದು ಸ್ವಯಂಸೇವಾ ಸಂಘದವರು, ಅವರ ತಾಯಿಯೂ ಇದೇ ಸಂಘದಲ್ಲಿದ್ದರಂತೆ. ಡಬ್ಲ್ಯೂವಿಎಸ್ ಅಂತ, ಅಂದರೆ ಮಹಿಳಾ ಸ್ವಯಂಸೇವಾ ಸಂಘ, 1938ರಲ್ಲಿ ಶುರುವಾದದ್ದು. ಕಟ್ಟಿದವರು ಲೇಡಿ ರೀಡಿಂಗ್. ಅಪ್ಪನಿಗೆ ಹೇಳು, ನಮ್ಮಲ್ಲಿ ವೈಸ್‌ರಾಯ್ ಆಗಿದ್ದ ರೀಡಿಂಗ್ ಅವರ ಎರಡನೇ ಹೆಂಡತಿ. ಮದುವೆಗೆ ಮುಂಚೆ ದಿಲ್ಲಿಯಲ್ಲಿ ಅವರ ಕಚೇರಿಯಲ್ಲೇ ಕೆಲಸ ಮಾಡಿದ್ದರು. ಸಂಘ ಶುರುವಾದದ್ದು ಆಸ್ಪತ್ರೆಗೆ ಅಂತ ಅಲ್ಲ, ಬಾಂಬು ಬಿದ್ದರೆ ಏನು ಮಾಡಬೇಕು ಅಂತ ಹೆಂಗಸರನ್ನು ತಯಾರು ಮಾಡುವುದಕ್ಕೆ. ಯುದ್ಧ ಬಂದಾಗ ಮಕ್ಕಳನ್ನು ಊರಾಚೆ ಸಾಗಿಸಿದರು, ಮನೆ ಕಳಕೊಂಡವರಿಗೆ ಟೀ ಕಾಸಿ ಕೊಟ್ಟರು. 1943ರ ಹೊತ್ತಿಗೆ ಹತ್ತು ಲಕ್ಷಕ್ಕಿಂತ ಜಾಸ್ತಿ ಹೆಂಗಸರು! ಹಸಿರು ಸಮವಸ್ತ್ರವನ್ನು ಕೈಯಿಂದಲೇ ದುಡ್ಡು ಹಾಕಿ ಕೊಳ್ಳಬೇಕಿತ್ತು. ಬಿಟ್ಟಿ ಕೆಲಸಕ್ಕೆ ಸ್ವಂತ ಖರ್ಚು, ನೋಡು. ಅಜ್ಜಿಯ ತಾಯಿ ಆ ಕೋಟನ್ನು ಸಾಯುವವರೆಗೂ ಇಟ್ಟುಕೊಂಡಿದ್ದರಂತೆ.

1948ರಲ್ಲಿ ಇಲ್ಲಿಯ ಸರ್ಕಾರ ಎನ್‌ಎಚ್‌ಎಸ್, ಅಂದರೆ ರಾಷ್ಟ್ರೀಯ ಆರೋಗ್ಯ ಸೇವೆ ಶುರು ಮಾಡಿತು. ಚಿಕಿತ್ಸೆಗೆ ದುಡ್ಡು ಕೊಡಬೇಕಿಲ್ಲ, ಆದರೆ ರೋಗಿ ಹತ್ತಿರ ಕೂತು ಮಾತಾಡುವ ಪುರುಸೊತ್ತು ಯಾವ ನರ್ಸಿಗೆ ಇರುತ್ತೆ? ಅದನ್ನು ಈ ಸಂಘದವರು ನೋಡಿಕೊಂಡರು. ಈಗ ಸಂಘದ ಹೆಸರಲ್ಲಿ ‘ಮಹಿಳಾ’ ಇಲ್ಲ. 2013ರಿಂದ ರಾಯಲ್ ವಾಲಂಟರಿ ಸರ್ವಿಸ್ ಅಂತ. ಗಂಡಸರೂ ಗಾಡಿ ತಳ್ಳುತ್ತಾರೆ. ‘ಅವರಿಗೆ ಚಿಲ್ಲರೆ ಲೆಕ್ಕ ಬರಲ್ಲ’ ಅಂತ ಅಜ್ಜಿ ಪಿಸುಗುಟ್ಟಿದರು.

ನಾನು ಮನೆಗೆ ಹೊರಟಾಗ ಗೇಟಿನವರೆಗೆ ಬ್ಯಾಗು ಹಿಡಿದು ಬಂದವರೂ ಅವರೇ. ಎಂಬತ್ತು ದಾಟಿದೆ. ಬೇಡ ಅಂದರೂ ಕೇಳಲಿಲ್ಲ, ನಿನ್ನ ಹಾಗೇ.

ಹಾಗಾಗಿ ನೀನು ವೀಸಾ ಮಾಡಿಸಿಕೊಂಡು ಹೊರಡುವುದು ಬೇಡ. ಇನ್ನೊಂದು ಸಲ ಹೇಳುತ್ತೇನೆ, ನಾನು ಚೆನ್ನಾಗಿದ್ದೇನೆ. ಪಾಪು ಎದ್ದ, ಅಳುತ್ತಿದ್ದಾನೆ. ಅಪ್ಪನಿಗೆ ತೂತಿನ ವಿಷಯ ಹೇಳಬೇಡ, ಸುಮ್ನೆ ಹೆದರುತ್ತಾರೆ.

ನಿನ್ನ,
ಪುಟ್ಟಿ