ಕೀಲೌಎಅ ಎಂದೇ ಬರೆಯೋಣ

ಮಾನ್ಯರೇ,

ಹವಾಯಿ ದ್ವೀಪದ ಕೀಲೌಎಅ ಜ್ವಾಲಾಮುಖಿ ಉಕ್ಕಿದಾಗಲೆಲ್ಲ ಕನ್ನಡ ಸುದ್ದಿಯಲ್ಲಿ ಅದು ಒಮ್ಮೆ ಕಿಲಾವಿಯಾ, ಇನ್ನೊಮ್ಮೆ ಕಿಲೌಯಾ. ಇಂಗ್ಲಿಷ್ ಅಕ್ಷರ ನೋಡಿ ಅಂದಾಜಿನಲ್ಲಿ ಬರೆಯುವುದರ ಫಲ ಇದು. 2014ರವರೆಗೂ ಇಂಗ್ಲಿಷಿನಲ್ಲಿ ‘ಬ್ಯಾಂಗಲೋರ್’ ಆಗಿದ್ದ ಊರಿನವರಿಗೆ ಇದರ ನೋವು ಗೊತ್ತಿರಬೇಕು.

ಅಂದಾಜಿನ ಅಗತ್ಯವೇ ಇಲ್ಲ. ಹವಾಯಿ ಭಾಷೆಯ ವ್ಯಂಜನ ಎಂಟೇ: ಪ, ಕ, ಹ, ಲ, ಮ, ನ, ವ ಮತ್ತು ‘ಒಕಿನ’. ಸ್ವರಗಳು ಅ, ಇ, ಉ, ಎ, ಒ ಹಾಗೂ ಅವುಗಳ ದೀರ್ಘ. ಎ–ಏ, ಒ–ಓ ಭೇದವಿರುವ ನಮ್ಮ ಲಿಪಿ ಇದಕ್ಕೆ ಹೇಳಿ ಮಾಡಿಸಿದ್ದು; ಹಿಂದಿ ವರ್ಣಮಾಲೆಗೆ ಈ ಅನುಕೂಲವಿಲ್ಲ. ಒತ್ತಕ್ಷರದ ಗೋಜಿಲ್ಲ, ಪದಗಳೆಲ್ಲ ಸ್ವರದಲ್ಲೇ ಮುಗಿಯುತ್ತವೆ. ರೋಮನ್ ಸ್ವರದ ಮೇಲೆ ಅಡ್ಡಗೆರೆಯಿದ್ದರೆ ದೀರ್ಘ, ಇಲ್ಲದಿದ್ದರೆ ಹ್ರಸ್ವ: ವೈಕೀಕೀ, ಆದರೆ ಹೊನೊಲುಲು.

ಎಡವುವುದು ಒಕಿನದಲ್ಲಿ. ಮಗು ಬಿಸಿ ಪಾತ್ರೆಗೆ ಕೈ ಚಾಚಿದಾಗ ‘ಅ, ಅ’ ಎಂದು ತಡೆಯುತ್ತೇವಲ್ಲ, ಆ ಎರಡು ಅಕಾರಗಳ ನಡುವೆ ಗಂಟಲಲ್ಲಿ ಉಸಿರು ಕಟ್ಟಿ ಬಿಡುತ್ತದೆ. ಅದೇ ಒಕಿನ; ಬರಹದಲ್ಲಿ ಅದರ ಗುರುತು ʻ. ಕೊಉ ಎಂದರೆ ‘ನಿನ್ನ’, ಕೊʻಉ ಎಂದರೆ ‘ನನ್ನ’. ಲಾನೈ ಎಂದರೆ ಜಗಲಿ, ಲಾನʻಇ ಒಂದು ದ್ವೀಪ. ಹವಾಯಿ ಭಾಷೆಯ ಬಂಧುವಾದ ನ್ಯೂಜಿಲೆಂಡಿನ ಮಾಒರಿ ಭಾಷೆಯಲ್ಲಿ ಮೀನಿಗೆ ಇಕ, ಹವಾಯಿಯಲ್ಲಿ ಇʻಅ. ಹಳಗನ್ನಡದ ಪಾಲು ಹಾಲಾದಂತೆ ಅಲ್ಲಿ ಹಳೆಯ ಕಕಾರ ಗಂಟಲಿಗಿಳಿದಿದೆ.

ಎರಡು ಸ್ವರ ಎದುರಾದರೆ ಯಕಾರವನ್ನೋ ವಕಾರವನ್ನೋ ತಂದು ಕೂರಿಸುವುದು ನಮ್ಮ ನಾಲಿಗೆಯ ಆಗಮ ಸಂಧಿ. ಮೌನ ಲೊಅ ಎಂಬ ಜ್ವಾಲಾಮುಖಿಯ ಹೆಸರಿನ ಲೊಅ ಲೋವಾ ಆಗುವುದು ಹಾಗೆ. ಪದದ ನಡುವೆಯೂ ಬಿಡಿ ಸ್ವರಾಕ್ಷರವನ್ನೇ ಇಡಬೇಕು. ಕಣ್ಣಿಗೆ ಮೊದಮೊದಲು ಒರಟೆನಿಸಿದರೂ ಓದು ತಪ್ಪುವುದಿಲ್ಲ. ಒಕಿನದ ಗುರುತು ಇಂಗ್ಲಿಷಿನ 6ರ ಆಕಾರದ್ದು. ಕಂಪ್ಯೂಟರ್ ಅದನ್ನು ತಾನಾಗಿ 9ರ ಆಕಾರಕ್ಕೆ ತಿರುಗಿಸುತ್ತದೆ, ಪುಟ ಕಟ್ಟುವವರು ದಾರಿತಪ್ಪಿದ ಉದ್ಧರಣ ಚಿಹ್ನೆಯೆಂದು ಅಳಿಸುತ್ತಾರೆ. ಯೂನಿಕೋಡಿನ 02ಬಿಬಿ ಗುರುತನ್ನೇ ಹಾಕಿದರೆ ಉಳಿಯುತ್ತದೆ. ಫಾಂಟ್ ಅದನ್ನು ಚೌಕವಾಗಿ ತೋರಿಸಿದರೆ ತೆರೆಯುವ ಒಂಟಿ ಉದ್ಧರಣ ಚಿಹ್ನೆ ಸಾಕು.

1896ರ ಕಾನೂನು ಶಾಲೆಗಳಿಂದ ಹೊರದೂಡಿದ ಈ ಭಾಷೆ 1978ರಲ್ಲಿ ಅಲ್ಲಿ ಅಧಿಕೃತವಾಯಿತು. ರೂಢಿಯಲ್ಲಿ ಬೇರೂರಿದ ‘ಹವಾಯಿ’ ರಾಜ್ಯದ ಹೆಸರಾಗಿ ಇರಲಿ. ಎಂಟು ಮುಖ್ಯ ದ್ವೀಪಗಳ ಈ ಪಟ್ಟಿಯನ್ನು ಸುದ್ದಿಮನೆಯ ಗೋಡೆಗೆ ಅಂಟಿಸಿಕೊಳ್ಳಬೇಕೆಂದು ವಿನಂತಿ: ಹವೈʻಇ, ಮೌಇ, ಒʻಅಹು, ಕೌಅʻಇ, ಮೊಲೊಕʻಇ, ಲಾನʻಇ, ನಿʻಇಹೌ, ಕಹೊʻಒಲವೆ.

– ಭಾಷಾವಿಜ್ಞಾನದ ಓದುಗ, ಬಸವನಗುಡಿ, ಬೆಂಗಳೂರು