ಬಿ.ಕಾಂ. ಓದುವ ಕೈಗೂ ಮಲ್ಟಿಮೀಟರ್: ಒಂದು ದೇಣಿಗೆ ಮನವಿ

ಮಾನ್ಯ ಮುಂಬಯಿ ಕನ್ನಡ ಬಂಧುಗಳೇ,

ನಮ್ಮ ಟ್ರಸ್ಟ್ ನಡೆಸುವ ಶನಿವಾರದ ತಂತ್ರಜ್ಞಾನ ತರಗತಿಗೆ ಬರುವವರು ಬಿ.ಕಾಂ., ಬಿ.ಎ. ವಿದ್ಯಾರ್ಥಿಗಳು ಮತ್ತು ಹಗಲು ಹೊಟೇಲಿನಲ್ಲಿ ದುಡಿದು ಸಂಜೆ ಓದುವ ಹುಡುಗರು. ಇವರನ್ನು ಎಂಜಿನಿಯರ್ ಮಾಡುವ ಇರಾದೆ ನಮಗಿಲ್ಲ. ಆದರೆ ನಾಳೆ ಹೊಟೇಲಿನ ಗಲ್ಲಾದಲ್ಲಿ ಕೂತು ವೈರಿಂಗ್ ಬಿಲ್ಲಿಗೆ ಸಹಿ ಹಾಕುವವರು, ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿಯಾಗಿ ಲಿಫ್ಟು, ಪಂಪುಗಳ ಕೊಟೇಶನ್ ನೋಡುವವರು ಇವರೇ. ಆಗ ಎದುರಿಗಿದ್ದವನಿಗೆ ಸರಿಯಾದ ಪ್ರಶ್ನೆ ಕೇಳಲು ಬಂದರೆ ಸಾಕು.

ಉದಾಹರಣೆಗೆ ಎಷ್ಟೋ ಅಡುಗೆಮನೆಗಳಲ್ಲಿ ಕಾಣುವ ದೃಶ್ಯ: 6 ಆಂಪಿಯರಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಕನ್ವರ್ಟರ್ ಪ್ಲಗ್ ಸಿಕ್ಕಿಸಿ 2,000 ವ್ಯಾಟಿನ ಇಂಡಕ್ಷನ್ ಒಲೆ ಹಚ್ಚಿರುತ್ತಾರೆ. 2,000ವನ್ನು 230 ವೋಲ್ಟಿನಿಂದ ಭಾಗಿಸಿದರೆ 8.7 ಆಂಪಿಯರ್. ಬೋರ್ಡು ಬಿಸಿಯಾಗಿ ಪ್ಲಾಸ್ಟಿಕ್ ವಾಸನೆ ಬಂದರೂ ಗೋಡೆಯ 16 ಆಂಪಿಯರ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬಿದ್ದು ಸಂಪರ್ಕ ಕಡಿಯುವ ಸ್ವಿಚ್ಚು) ಬೀಳುವುದಿಲ್ಲ. ಎಂಸಿಬಿ ಕೆಟ್ಟಿಲ್ಲ. ಅದು ಕಾಯುವುದು ಗೋಡೆಯೊಳಗಿನ ತಂತಿಯನ್ನು, ನಿಮ್ಮ ಬೋರ್ಡನ್ನಲ್ಲ. ಮನುಷ್ಯನನ್ನಂತೂ ಕಾಯುವುದೇ ಇಲ್ಲ: ದೇಹದ ಮೂಲಕ 0.1 ಆಂಪಿಯರ್ ಹರಿದರೂ ಪ್ರಾಣ ಹೋಗಬಹುದು, 16 ಆಂಪಿಯರಿಗೆ ಕಾದು ಕೂತ ಎಂಸಿಬಿಗೆ ಅದು ಗೊತ್ತೇ ಆಗದು. ಅದಕ್ಕೆ ಆರ್‌ಸಿಸಿಬಿ ಬೇಕು. ಹೋದ ಕರೆಂಟಿಗೂ ಮರಳಿದ ಕರೆಂಟಿಗೂ 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ ಅದು ಸಂಪರ್ಕ ಕಡಿಯುತ್ತದೆ. ಭಾಗಾಕಾರ ಬರುವ ಯಾವ ವಾಣಿಜ್ಯ ವಿದ್ಯಾರ್ಥಿಗೂ ಇದು ಅರ್ಥವಾಗುವಂಥದ್ದು. ನೋಡಿ ಕಲಿಯಲು ಉಪಕರಣ ಬೇಕು, ಅಷ್ಟೇ.

ಪಾಠದ ಕ್ರಮ ಬಿಚ್ಚುವುದರಿಂದ ಶುರು. ಕೆಟ್ಟ ಮಿಕ್ಸರಿನ ತಳ ಬಿಚ್ಚಿದರೆ ಸವೆದ ಕಾರ್ಬನ್ ಬ್ರಷ್ಷು, ಓವರ್‌ಲೋಡ್ ಸ್ವಿಚ್ಚು. ಮೇಲೆ, ಮೋಟರಿಗೆ ಜಾರ್ ಜೋಡಿಸುವ, ಹಲ್ಲು ಮುರಿದ ಕಪ್ಲರ್. ಕಪ್ಲರನ್ನು ಮೆತ್ತಗಿನ ವಸ್ತುವಿನಲ್ಲೇ ಮಾಡಿರುತ್ತಾರೆ: ಜಾರ್‌ನ ಬ್ಲೇಡು ಸಿಕ್ಕಿಕೊಂಡಾಗ ಅದು ಮುರಿಯಲಿ, ಮೋಟರಿನ ಶಾಫ್ಟ್ ಉಳಿಯಲಿ ಎಂದು. ಫ್ಯೂಸ್ ಕರಗುವುದು, ಕುಕ್ಕರಿನ ಸೇಫ್ಟಿ ವಾಲ್ವ್ ಹೋಗುವುದು ಇದೇ ಲೆಕ್ಕಾಚಾರ. ಅಗ್ಗದ ಭಾಗವೊಂದನ್ನು ಬೇಕೆಂದೇ ದುರ್ಬಲ ಮಾಡಿ ದುಬಾರಿ ಭಾಗವನ್ನೂ ಮನುಷ್ಯರನ್ನೂ ಉಳಿಸುವುದು. ಇದು ತಲೆಗೆ ಹೋದವನು ಪದೇಪದೇ ಹೋಗುವ ಫ್ಯೂಸಿನ ಜಾಗಕ್ಕೆ ದಪ್ಪ ತಂತಿ ಸುತ್ತಲು ಒಪ್ಪುವುದಿಲ್ಲ.

ಲೋಕಲ್ ರೈಲೂ ನಮ್ಮ ಪಠ್ಯವೇ. 1925ರಲ್ಲಿ ಇಲ್ಲಿ ವಿದ್ಯುತ್ ರೈಲು ಓಡಲಾರಂಭಿಸಿದ್ದು 1,500 ವೋಲ್ಟ್ ಡಿಸಿಯಲ್ಲಿ. ಈಗ ತಲೆಯ ಮೇಲಿನ ತಂತಿಯಲ್ಲಿರುವುದು 25,000 ವೋಲ್ಟ್ ಎಸಿ. ಅಷ್ಟೇ ಶಕ್ತಿ ಸಾಗಿಸಲು ಕರೆಂಟು ಸುಮಾರು ಹದಿನೇಳನೇ ಒಂದು ಪಾಲು ಸಾಕು. ತಂತಿ ಬಿಸಿಯಾಗಿ ಪೋಲಾಗುವ ಶಕ್ತಿ ಕರೆಂಟಿನ ವರ್ಗದಂತೆ ಇಳಿಯುತ್ತದೆ. ದಿನಾ ಡೊಂಬಿವಲಿಯಿಂದ ನೇತಾಡಿಕೊಂಡು ಬರುವ ಹುಡುಗರಿಗೆ ಈ ಲೆಕ್ಕ ಬೋರ್ಡಿನ ಮೇಲಿನ ಸೂತ್ರಕ್ಕಿಂತ ಬೇಗ ಹತ್ತುತ್ತದೆ.

ವಿದ್ಯಾರ್ಥಿಗಳ ಮೇಜಿನ ಮೇಲೆ 12 ವೋಲ್ಟಿಗಿಂತ ಹೆಚ್ಚು ಇರಕೂಡದೆಂಬುದು ನಮ್ಮ ಕಟ್ಟುನಿಟ್ಟು. ಅಲ್ಲೂ ತಪ್ಪು ಆಗುತ್ತದೆ, ಆಗಲೂ ಬೇಕು. ಎಲ್‌ಇಡಿಗೆ 12 ವೋಲ್ಟಿನಲ್ಲಿ 470 ಓಮ್ ರೆಸಿಸ್ಟರ್ (ಕರೆಂಟಿಗೆ ತಡೆಯೊಡ್ಡುವ ಭಾಗ) ಹಾಕಿದರೆ ಸುಮಾರು 21 ಮಿಲಿಆಂಪಿಯರ್ ಹರಿದು 0.21 ವ್ಯಾಟ್ ಶಾಖ ಹುಟ್ಟುತ್ತದೆ. ಕಾಲು ವ್ಯಾಟಿನ ರೆಸಿಸ್ಟರ್ ಬೆರಳಿಗೆ ಚುರುಕ್ ಎನ್ನುತ್ತದೆ. 1 ಕಿಲೋಓಮ್ ಹಾಕಿದರೆ ಬೆಳಕು ತುಸು ಇಳಿದರೂ ಬಿಸಿ ಅರ್ಧಕ್ಕಿಂತ ಕಡಿಮೆ.

ಪ್ರತಿ ಮೇಜಿಗೆ ಇಬ್ಬರು. 30 ವಿದ್ಯಾರ್ಥಿಗಳಿಗೆ 15 ಮೇಜು. ಒಂದು ಮೇಜಿಗೆ 12 ವೋಲ್ಟ್, 2 ಆಂಪಿಯರ್ ಅಡಾಪ್ಟರ್ ರೂ. 250, ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಸರ್ಕ್ಯೂಟ್ ಜೋಡಿಸುವ ಹಲಗೆ) ರೂ. 100, ಸ್ಕ್ರೂಡ್ರೈವರ್, ಪಕ್ಕಡ್, ವೈರ್ ಸ್ಟ್ರಿಪ್ಪರ್ ರೂ. 700, ಬಿಡಿ ಭಾಗಗಳು ರೂ. 350, ಮಲ್ಟಿಮೀಟರ್ (ವೋಲ್ಟೇಜ್, ಕರೆಂಟು ಅಳೆಯುವ ಉಪಕರಣ) ರೂ. 1,200. ಒಟ್ಟು ರೂ. 2,600. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಇನ್ನೂರು ಮುನ್ನೂರಕ್ಕೂ ಮೀಟರ್ ಸಿಗುತ್ತದಲ್ಲ ಎಂದು ಕೇಳುವವರಿದ್ದಾರೆ. ಅಂಥ ಅನೇಕ ಮೀಟರುಗಳ 10 ಆಂಪಿಯರ್ ತೂತಿಗೆ ಫ್ಯೂಸ್ ಇರುವುದಿಲ್ಲ. ಕರೆಂಟು ಅಳೆದ ಕೆಂಪು ಕಡ್ಡಿಯನ್ನು ಅಲ್ಲೇ ಮರೆತು ವೋಲ್ಟೇಜ್ ಅಳೆಯಲು ಹೋಗುವುದು ಕಲಿಯುವವರ ಅತಿ ಸಾಮಾನ್ಯ ತಪ್ಪು. ಆಗ ಮೀಟರೇ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಹೆಚ್ಚಿನ ಹಣ ಕೊಡುವುದು ಆ ಫ್ಯೂಸಿಗಾಗಿ.

15 ಮೇಜಿಗೆ ರೂ. 39,000. ಎಂಸಿಬಿ, ಆರ್‌ಸಿಸಿಬಿ, ಮೀಟರ್ ಜೋಡಿಸಿ ಅಕ್ರಿಲಿಕ್ ಮುಚ್ಚಳ ಹಾಕಿದ ಪ್ರದರ್ಶನ ಫಲಕಕ್ಕೆ ರೂ. 9,000. 230 ವೋಲ್ಟ್ ಇರುವುದು ಇದೊಂದರಲ್ಲೇ, ಮುಟ್ಟುವುದು ಪರವಾನಗಿ ಇರುವ ಎಲೆಕ್ಟ್ರೀಷಿಯನ್ ಮಾತ್ರ. ಅವರ ಗೌರವಧನ 20 ವಾರಕ್ಕೆ ರೂ. 16,000, ಸುಟ್ಟು ಹೋಗುವ ಭಾಗಗಳಿಗೆ ರೂ. 6,000. ಅಲ್ಲಿಗೆ ರೂ. 70,000. ಕಂಪ್ಯೂಟರ್ ಕೊಡುತ್ತೇವೆ ಎನ್ನುವ ಮಹನೀಯರಿಗೆ ವಂದನೆ. ಸದ್ಯಕ್ಕೆ ನಮಗೆ ಸ್ಕ್ರೂಡ್ರೈವರ್ ಬೇಕು. ಒಂದು ಮೇಜಿನ ಪೂರ್ತಿ ಖರ್ಚು ವಹಿಸಿಕೊಂಡವರಿಗೆ ಆ ಮೇಜಿನ ಬಿಲ್ಲುಗಳ ಪ್ರತಿ ಕಳಿಸುತ್ತೇವೆ.

ಚೆಕ್ ಇಲ್ಲವೇ ಬ್ಯಾಂಕ್ ವರ್ಗಾವಣೆ ಒಳ್ಳೆಯದು. ನಗದು ರೂ. 2,000 ಮೀರಿದರೆ ತೆರಿಗೆ ವಿನಾಯಿತಿ ಸಿಗದು. ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ ಹೇಗೂ ಇಲ್ಲ. ರಸೀದಿಯಂತೂ ಎಲ್ಲರಿಗೂ ಕೊಡುತ್ತೇವೆ.

ಹಣದ ಬದಲು ಕೆಟ್ಟ ವಸ್ತು ಕೊಟ್ಟರೂ ಸಂತೋಷ. ಮಿಕ್ಸರ್, ಸೀಲಿಂಗ್ ಫ್ಯಾನ್, ಇಸ್ತ್ರಿಪೆಟ್ಟಿಗೆ, ಆರಿಹೋದ ಎಲ್‌ಇಡಿ ಬಲ್ಬ್ ತನ್ನಿ. ಬಲ್ಬಿನೊಳಗೆ ಕಪ್ಪು ಚುಕ್ಕೆ ಬಿದ್ದ ಒಂದೇ ಎಲ್‌ಇಡಿ ಸಾಲನ್ನೆಲ್ಲ ಆರಿಸಿರುತ್ತದೆ. ಒಂದರ ಹಿಂದೊಂದು ಜೋಡಿಸಿದ ಸೀರೀಸ್ ಸರ್ಕ್ಯೂಟಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಮೈಕ್ರೋವೇವ್ ಓವನ್ ಮತ್ತು ಹಳೆಯ ಡಬ್ಬಾ ಟಿವಿ ದಯವಿಟ್ಟು ಬೇಡ: ಪ್ಲಗ್ ಕಿತ್ತ ಮೇಲೂ ಒಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು. ಉಬ್ಬಿದ ಮೊಬೈಲ್ ಬ್ಯಾಟರಿ, ಇನ್ವರ್ಟರ್ ಬ್ಯಾಟರಿಯೂ ಬೇಡ. ತರುವ ವಸ್ತುವಿನ ವೈರು ಕತ್ತರಿಸಬೇಡಿ, ಸ್ಕ್ರೂ ಕಳೆಯಬೇಡಿ. ಏನು ಕೆಟ್ಟಿತ್ತೆಂದು ಒಂದು ಚೀಟಿಯಲ್ಲಿ ಬರೆದು ಅಂಟಿಸಿ, ಶನಿವಾರ ಸಂಜೆ ತರಗತಿಗೆ ಮುಂಚೆ ತಲುಪಿಸಿ.