ಗೆಳೆಯನಿಗೊಂದು ಪತ್ರ: ಆ ನಾಲ್ಕು ಮೀಟರ್

ಗೆಳೆಯಾ,

ಡಿಸ್ಕ್ ಎಸೆದು ಸರಪಳಿ ತೂಗುವ ಬುಟ್ಟಿಗೆ ಬೀಳಿಸೋ ನಮ್ಮ ಡಿಸ್ಕ್ ಗಾಲ್ಫ್ ಬಗ್ಗೆ ನೀನು ಬರೆದ ಪತ್ರ ಎರಡು ಸಲ ಓದಿದೆ. "ಶುರುವಿನ ಜಾಗ ಟೀಯಿಂದ ಎಸೆಯೋದು ಚೆನ್ನಾಗೇ ಇದೆ, ಬಾಸ್ಕೆಟ್ ಹತ್ತಿರ ಬಂದ್ರೆ ಮಾತ್ರ ಕೈ ನನ್ನದಲ್ಲ ಅನ್ನಿಸುತ್ತೆ" ಅಂತ ಬರೆದಿದ್ದೀಯಲ್ಲ, ಅದು ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ಕಳೆದ ವರ್ಷ ನಾಲ್ಕು ತಿಂಗಳು ನನ್ನ ಕೈಯೂ ನನ್ನದಾಗಿರಲಿಲ್ಲ. ನಿನಗೆ ಹೇಳಿರಲಿಲ್ಲ ಅಷ್ಟೇ.

ಶುರುವಾಗಿದ್ದು ಒಂದೇ ಒಂದು ಪಟ್‌ನಿಂದ, ಅಂದರೆ ಬುಟ್ಟಿಯ ಹತ್ತಿರದಿಂದ ಎಸೆಯೋ ಎಸೆತದಿಂದ. ನಾಲ್ಕು ಮೀಟರ್ ದೂರ, ಗಾಳಿಯೂ ಇರಲಿಲ್ಲ. ಡಿಸ್ಕ್ ಸರಪಳಿಯ ಮೇಲಿನ ಪಟ್ಟಿಗೆ ಠಣ್ ಅಂತ ಬಡಿಯಿತು. ಕೆಳಗೆ ಬಿದ್ದು ಅಂಚಿನ ಮೇಲೆ ನಿಂತುಕೊಂಡಿತು, ಆಮೇಲೆ ಇಳಿಜಾರಿನಲ್ಲಿ ಉರುಳುತ್ತಾ ಹೋಯಿತು. ವಾಪಸ್ ಹನ್ನೆರಡು ಮೀಟರ್‌ನಿಂದ ಆಡಬೇಕಾಯಿತು. ಅದೂ ತಪ್ಪಿತು. ಅವತ್ತಿಂದ ನನಗೆ ಹೆದರಿಕೆ ಹುಟ್ಟಿದ್ದು ಎದುರಿಗಿರುವ ಪಟ್ ಬಗ್ಗೆ ಅಲ್ಲ, ಅದು ತಪ್ಪಿದರೆ ವಾಪಸ್ ಆಡಬೇಕಾದ ಪಟ್ ಬಗ್ಗೆ. ದೂರ ಹೋಗಿಬಿಡುತ್ತೇನೋ ಅಂತ ಕೈ ತಾನಾಗೇ ಎಸೆತವನ್ನು ಅರ್ಧಕ್ಕೆ ತಡೆಯುತ್ತಿತ್ತು. ಬೆರಳುಗಳು ಡಿಸ್ಕಿನ ಅಂಚನ್ನು ಬಿಗಿಯಾಗಿ ಹಿಡಿದಿರುತ್ತಿದ್ದವು, ಬಿಡುವಾಗ ತಡವಾಗುತ್ತಿತ್ತು. ಡಿಸ್ಕ್ ಬುಟ್ಟಿ ಮುಟ್ಟದೆ ಮುಂದೆಯೇ ಬೀಳುತ್ತಿತ್ತು. ನಿನಗೂ ಹೀಗೇ ಆಗ್ತಿದೆ ಅಲ್ವಾ?

ಆಗ ನಾನು ಎಲ್ಲವನ್ನೂ ಬದಲಾಯಿಸಿದೆ. ಡಿಸ್ಕನ್ನು ಜೋರಾಗಿ ತಿರುಗಿಸೋ ಸ್ಪಿನ್ ಪಟ್ ಬಿಟ್ಟು, ಮೆಲ್ಲಗೆ ಮುಂದಕ್ಕೆ ತಳ್ಳೋ ಪುಶ್ ಪಟ್ ಹಿಡಿದೆ, ಕಾಲು ಅಗಲಿಸಿ ನಿಂತೆ, ಪಟ್ ಮಾಡೋ ಡಿಸ್ಕ್, ಅಂದರೆ ಹೊಸ ಪಟ್ಟರ್ ಕೊಂಡೆ. ಪ್ರತಿಯೊಂದೂ ಎರಡು ದಿನ ನಡೆಯಿತು, ಮೂರನೇ ದಿನ ಮತ್ತೆ ಅದೇ ಕಥೆ. ಮಣಿಕಟ್ಟು, ಮೊಣಕೈ, ಸೊಂಟ ಅಂತ ಒಂದೊಂದನ್ನೇ ಗಮನಿಸುತ್ತಾ ಹೋದಷ್ಟೂ ಆಟ ಕೆಟ್ಟಿತು. ಮನಶ್ಶಾಸ್ತ್ರಜ್ಞರಾದ ಸಿಯಾನ್ ಬೈಲಾಕ್ ಮತ್ತು ಥಾಮಸ್ ಕಾರ್ ಗಾಲ್ಫ್ ಪಟ್ಟಿಂಗ್ ಮೇಲೆ ನಡೆಸಿದ ಪ್ರಯೋಗಗಳು 2001ರಲ್ಲಿ ಪ್ರಕಟವಾದವು. ಒತ್ತಡ ಬಂದಾಗ, ಕೈಗೆ ರೂಢಿಯಾದ ಕೆಲಸವನ್ನು ಮನಸ್ಸು ಹಂತ ಹಂತವಾಗಿ ನೋಡಲು ಹೋಗಿ ಕೆಡಿಸುತ್ತದೆ ಅನ್ನೋದು ಅವರ ವಾದ. ಇನ್ನೊಂದು ವಿಷಯ ನನಗೆ ತುಂಬಾ ಹಿಡಿಸಿತು. ಕ್ಯಾಮೆರಾ ಮುಂದೆ ಅಭ್ಯಾಸ ಮಾಡಿದವರು ಆಮೇಲೆ ಒತ್ತಡದಲ್ಲೂ ಕೆಡಲಿಲ್ಲವಂತೆ. ಅದಕ್ಕೇ ನಾನು ಈಗಲೂ ಫೋನನ್ನು ಎದುರಿಗಿಟ್ಟು ರೆಕಾರ್ಡ್ ಮಾಡ್ತೀನಿ. ಆ ವಿಡಿಯೋ ನೋಡೋದಿಲ್ಲ, ಸುಮ್ನೆ ಅಳಿಸಿಬಿಡ್ತೀನಿ.

ನನ್ನನ್ನು ನಿಜವಾಗಿ ಎತ್ತಿದ್ದು ಯೂಲಿ ಅನ್ನೋ ಅಭ್ಯಾಸದ ಆಟ. ಫಿನ್ಲೆಂಡ್‌ನವರ ಕೊಡುಗೆ. ಐದು ಪಟ್ಟರ್ ಹಿಡಿದು 10 ಮೀಟರ್‌ನಿಂದ ಶುರು. ಐದೂ ಬಿದ್ದರೆ ಮುಂದಿನ ಸುತ್ತೂ 10ರಿಂದಲೇ. ನಾಲ್ಕು ಬಿದ್ದರೆ 9ಕ್ಕೆ ಬಾ, ಮೂರಾದರೆ 8ಕ್ಕೆ. ಒಂದೂ ಬೀಳದಿದ್ದರೆ 5 ಮೀಟರ್‌ಗೆ. ಹೀಗೆ ಇಪ್ಪತ್ತು ಸುತ್ತು, ನೂರು ಪಟ್. ಬಿದ್ದ ಪ್ರತಿ ಪಟ್‌ಗೂ ಎಷ್ಟು ಮೀಟರೋ ಅಷ್ಟು ಅಂಕ, ಎಲ್ಲವೂ ಬಿದ್ದರೆ 1000. ಇದರಲ್ಲಿ ಏನಿದೆ ಗೊತ್ತಾ? ತಪ್ಪಿದರೆ ಆಟ ನಿನ್ನನ್ನು ಬುಟ್ಟಿಯ ಹತ್ತಿರಕ್ಕೆ ಕರೆಯುತ್ತದೆ. ನನಗೆ ಬೇಕಿದ್ದದ್ದು ಅದೇ. ಮೊದಲ ವಾರ ಹೆಚ್ಚಿನ ಹೊತ್ತು 6, 7 ಮೀಟರ್‌ನಲ್ಲೇ ಕಳೆದೆ. ಸರಪಳಿಯ ಆ ಝಣ್ ಸದ್ದು ಕಿವಿಗೆ ಬಿದ್ದೂ ಬಿದ್ದೂ ಭುಜ ತಾನಾಗೇ ಸಡಿಲವಾಯಿತು.

ಪಂದ್ಯದಲ್ಲಿ ನಾನು ಮಾಡೋದು ಇಷ್ಟೇ. ಇಡೀ ಬುಟ್ಟಿ ನೋಡೋದಿಲ್ಲ. ಕಂಬದ ಮುಂದಿನ ಸರಪಳಿಯಲ್ಲಿ ಒಂದು ಕೊಂಡಿ ಆರಿಸಿಕೊಳ್ತೀನಿ, ಡಿಸ್ಕ್ ಕೈ ಬಿಡೋವರೆಗೂ ಕಣ್ಣು ಅಲ್ಲೇ. ಎಸೆಯೋಕೆ 30 ಸೆಕೆಂಡ್ ಇದೆ ಅಂತ ಅಷ್ಟೂ ಹೊತ್ತು ನಿಲ್ಲೋದಿಲ್ಲ, ಒಂದು ಉಸಿರು ಬಿಟ್ಟು ಎಸೀತೀನಿ. 10 ಮೀಟರ್ ಒಳಗೆ ಪಟ್ ಆದ ಮೇಲೆ ಸಮತೋಲನ ತೋರಿಸದೆ, ಎಸೆಯೋ ಜಾಗ ಗುರುತಿಸೋ ಮಾರ್ಕರ್ ದಾಟಬಾರದು ಅನ್ನೋ ನಿಯಮ ಇದೆಯಲ್ಲ, ಅದನ್ನೇ ನನ್ನ ಕೆಲಸ ಮಾಡಿಕೊಂಡೆ. ಡಿಸ್ಕ್ ನಿಲ್ಲೋವರೆಗೂ ಮುಂಗಾಲ ಮೇಲೆ, ಕೈ ಚಾಚಿಕೊಂಡು ನಿಂತಿರ್ತೀನಿ. ಪೂರ್ತಿ ಎಸೆಯದೆ ಹಾಗೆ ನಿಲ್ಲೋಕೆ ಆಗೋದೇ ಇಲ್ಲ.

ಈಗಲೂ ತಪ್ಪುತ್ತೆ. ಹೋದ ಭಾನುವಾರ ಐದು ಮೀಟರ್‌ದು ಒಂದು ತಪ್ಪಿ, ಬುಟ್ಟಿ ದಾಟಿ ಆರು ಮೀಟರ್ ಹೋಯಿತು. ವಾಪಸ್ ಬಂದಿದ್ದು ನೇರ ಸರಪಳಿಗೆ.

ಈ ವಾರ ಪಂದ್ಯ ಬೇಡ. ಐದು ಪಟ್ಟರ್ ತಗೊಂಡು ಒಬ್ಬನೇ ಹೋಗು. ಮೊದಲ ದಿನ ಎಷ್ಟೇ ಅಂಕ ಬರಲಿ, ನನಗೆ ಬರೆದು ಕಳಿಸು. ನನ್ನ ಮೊದಲ ದಿನದ್ದು 412.

ನಿನ್ನ ಗೆಳೆಯ